ಏಳು ಎಚ್‌ಪಿಯ ಗಾಬ್ಲಿನ್‌ಗೆ ಪಾರ್ಟಿ ಹೆದರಬೇಕೆಂದರೆ

ಗಾಬ್ಲಿನ್ ಇರುವುದೇ ಮೊದಲ ಲೆವೆಲ್‌ನಲ್ಲಿ ಕೈ ಪಳಗಿಸಿಕೊಳ್ಳುವುದಕ್ಕೆ ಎಂಬ ಅಭಿಪ್ರಾಯ ಡೈಸ್ ಉರುಳಿಸುತ್ತ ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದವರಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ನಾಲ್ಕನೇ ಲೆವೆಲ್ ದಾಟಿದ ಪಾರ್ಟಿಗೆ (ಆಟಗಾರರ ಪಾತ್ರಗಳ ತಂಡಕ್ಕೆ) ಡಿಎಂ, ಅಂದರೆ ಆಟ ನಡೆಸುವ ಡಂಜನ್ ಮಾಸ್ಟರ್, ‘ಪೊದೆಯಿಂದ ಆರು ಗಾಬ್ಲಿನ್ ಹಾರಿ ಬಂದವು’ ಅಂದರೆ ಸಾಕು, ಮೇಜಿನ ಸುತ್ತ ಒಬ್ಬರಾದರೂ ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ಯಡವಟ್ಟು ಆಗಿರುವುದು ಆ ‘ಹಾರಿ ಬಂದವು’ ಎಂಬ ಮಾತಿನಲ್ಲಿ. ಮೂರಡಿ ಎತ್ತರದ, ಏಳೇ ಎಚ್‌ಪಿಯ (ಪೆಟ್ಟು ತಾಳುವ ಅಂಕದ) ಜೀವಿ ಕವಚ ತೊಟ್ಟ ಫೈಟರ್‌ನ ಎದುರಿಗೆ ಕತ್ತಿ ಹಿಡಿದು ಯಾಕೆ ಓಡಿ ಬರುತ್ತದೆ? ಅದಕ್ಕೇನು ಬದುಕು ಬೇಸರವಾಗಿದೆಯೇ?

ಸಾಮಾನ್ಯವಾಗಿ ಮಾಡುವ ಮದ್ದು ಎರಡು. ಒಂದು, ಎಚ್‌ಪಿ ಏರಿಸುವುದು. ಏಳಿದ್ದದ್ದನ್ನು ಮೂವತ್ತು ಮಾಡಿದರೆ ನಿಮ್ಮ ಕೈಗೆ ಬರುವುದು ಕುಳ್ಳ ಓರ್ಕ್. ಹೊಡೆದಾಟ ಎರಡು ಸುತ್ತು ಉದ್ದವಾಗುತ್ತದೆ, ಹೆದರಿಕೆ ಹಾಗೇ ಇರುತ್ತದೆ. ಎರಡು, ಸಂಖ್ಯೆ ಏರಿಸುವುದು. ಮೂವತ್ತು ಟೋಕನ್ ತಂದು ಮ್ಯಾಪಿನ ಮೇಲೆ ಸುರಿದರೆ ಮಂತ್ರ ಹಾಕುವ ವಿಝರ್ಡ್ ಸಂತೋಷದಿಂದ ಒಂದು ಫೈರ್‌ಬಾಲ್ ಎಸೆಯುತ್ತಾಳೆ, ಆಟ ಮುಗಿಯಿತು. ನನ್ನ ಪ್ರಕಾರ ಸ್ಟ್ಯಾಟ್ ಬ್ಲಾಕಿನ (ಜೀವಿಯ ಅಂಕಿಗಳ ಪಟ್ಟಿಯ) ಒಂದು ಅಂಕಿಯನ್ನೂ ಮುಟ್ಟಬೇಕಾಗಿಲ್ಲ. ಗಾಬ್ಲಿನ್ ಎಲ್ಲಿ ನಿಲ್ಲುತ್ತದೆ, ಯಾವಾಗ ಕಾಲ್ಕೀಳುತ್ತದೆ, ಯಾತಕ್ಕೆ ಬಂದಿದೆ ಎಂಬುದನ್ನು ಸರಿಯಾಗಿ ಕೂರಿಸಿದರೆ ಐದನೇ ಲೆವೆಲ್‌ನ ಪಾರ್ಟಿಯೂ ಕಾಡಿನ ದಾರಿ ಬಿಟ್ಟು ಬಳಸು ದಾರಿ ಹುಡುಕುತ್ತದೆ.

ಇಲ್ಲಿ ಕೊಟ್ಟಿರುವ ಲೆಕ್ಕವೆಲ್ಲ ಐದನೇ ಆವೃತ್ತಿಯ 2014ರ ನಿಯಮಗಳದ್ದು. 2025ರಲ್ಲಿ ಬಂದ ಹೊಸ ಮಾನ್‌ಸ್ಟರ್ ಪುಸ್ತಕದಲ್ಲಿ ಗಾಬ್ಲಿನ್‌ಗಳು ಫೇ ವರ್ಗಕ್ಕೆ ಸೇರಿವೆ. ಅಲ್ಲಿನ ಗಾಬ್ಲಿನ್ ವಾರಿಯರ್‌ಗೆ 10 ಎಚ್‌ಪಿ, ಜೊತೆಗೆ ಅಡ್ವಾಂಟೇಜ್ (ಡಿ20 ಎರಡು ಸಲ ಉರುಳಿಸಿ ದೊಡ್ಡದನ್ನು ಹಿಡಿಯುವುದು) ಇದ್ದಾಗ ಒಂದು ಡಿ4 (ನಾಲ್ಕು ಮುಖದ ಡೈಸ್) ಹೆಚ್ಚಿನ ಪೆಟ್ಟು. ಆ ಪುಸ್ತಕ ಬಳಸುವವರಿಗೆ ಕೆಳಗಿನ ತಂತ್ರಗಳು ಇನ್ನಷ್ಟು ಖಾರವಾಗುತ್ತವೆ.

ಮೊದಲು 2014ರ ಸ್ಟ್ಯಾಟ್ ಬ್ಲಾಕನ್ನೇ ನಿಧಾನವಾಗಿ ಓದಿ. ಎಸಿ (ಪೆಟ್ಟು ತಗುಲಲು ಡೈಸ್ ಮುಟ್ಟಬೇಕಾದ ಅಂಕ) 15, ಎಚ್‌ಪಿ 7, ನಡಿಗೆ 30 ಅಡಿ, ಸ್ಟೆಲ್ತ್ (ಅಡಗುವ ಚಾಕಚಕ್ಯತೆ) +6, ಕತ್ತಲಲ್ಲಿ 60 ಅಡಿ ಕಾಣುವ ಕಣ್ಣು. ಕತ್ತಿಗೂ ಬಿಲ್ಲಿಗೂ +4, ಪೆಟ್ಟು ಡಿ6+2. ಶಾರ್ಟ್‌ಬೋ 80 ಅಡಿವರೆಗೆ ಸಲೀಸು, ಡಿಸ್‌ಅಡ್ವಾಂಟೇಜ್ (ಎರಡು ಡೈಸಿನಲ್ಲಿ ಚಿಕ್ಕದನ್ನು ಹಿಡಿಯುವುದು) ಒಪ್ಪಿಕೊಂಡರೆ 320 ಅಡಿ. ಎಲ್ಲಕ್ಕಿಂತ ಮುಖ್ಯವಾದದ್ದು ನಿಂಬಲ್ ಎಸ್ಕೇಪ್: ಪ್ರತಿ ಟರ್ನ್‌ನಲ್ಲೂ ಬೋನಸ್ ಆಕ್ಷನ್ನಿನಲ್ಲಿ ಡಿಸ್‌ಎಂಗೇಜ್ (ಪೆಟ್ಟು ತಿನ್ನದೆ ಹಿಂದೆ ಸರಿಯುವುದು) ಅಥವಾ ಹೈಡ್ (ಅಡಗುವುದು). ರೋಗ್ ಎಂಬ ಕಳ್ಳ ಪಾತ್ರಕ್ಕೆ ಎರಡನೇ ಲೆವೆಲ್‌ನಲ್ಲಿ ಸಿಗುವ ಸವಲತ್ತಿನ ಬಹುಪಾಲು ಈ ಪುಡಿ ಜೀವಿಗೆ ಹುಟ್ಟಿನಿಂದಲೇ ಬಂದಿದೆ. ಬುದ್ಧಿ 10, ಅಂದರೆ ಸಾಧಾರಣ ಮನುಷ್ಯನಷ್ಟು. ಹೊಂಡ ತೋಡಿ ಮುಚ್ಚಳ ಹಾಕುವುದಕ್ಕೂ, ಎದುರಾಳಿಗಳಲ್ಲಿ ಮಂತ್ರ ಹಾಕುವವರು ಯಾರು ಎಂದು ನೆನಪಿಟ್ಟುಕೊಳ್ಳುವುದಕ್ಕೂ ಅದು ಧಾರಾಳ.

ಒಂದು ಸಣ್ಣ ತೊಡಕಿದೆ. ಎಸಿ 15ರಲ್ಲಿ ಎರಡು ಅಂಕ ಗುರಾಣಿಯದು, ಬಿಲ್ಲಿಗೋ ಎರಡು ಕೈ ಬೇಕು. ಕಟ್ಟುನಿಟ್ಟಾಗಿ ನೋಡಿದರೆ ಬಾಣ ಬಿಡುವ ಗಾಬ್ಲಿನ್‌ನ ಎಸಿ 13. ಬಹಳ ಡಿಎಂಗಳು ಇದನ್ನು ಗಮನಿಸುವುದೇ ಇಲ್ಲ. ನಾನಂತೂ 13 ಎಂದೇ ಇಟ್ಟುಕೊಳ್ಳುತ್ತೇನೆ. ಆಟಗಾರರ ಬಾಣ ತಗುಲಿದಾಗ ತಗುಲಲಿ. ಅಡಗಿ ನಿಲ್ಲುವುದಕ್ಕೆ ಆಸರೆ ಎಷ್ಟು ಮುಖ್ಯ ಎಂಬುದು ಗಾಬ್ಲಿನ್‌ಗೂ ಡಿಎಂಗೂ ಅದರಿಂದಲೇ ಮನದಟ್ಟಾಗುತ್ತದೆ.

ಎಪ್ಪತ್ತು ಅಡಿಯ ಲೆಕ್ಕ

ಐದನೇ ಲೆವೆಲ್‌ನ ನಾಲ್ವರು ರಾತ್ರಿ ಹೊತ್ತು ಒಂದು ಕಣಿವೆಯಲ್ಲಿ ಬರುತ್ತಿದ್ದಾರೆ ಅಂದುಕೊಳ್ಳಿ. ಒಬ್ಬ ಮನುಷ್ಯ ಫೈಟರ್ ಇದ್ದಾನೆ, ಕತ್ತಲಲ್ಲಿ ಅವನಿಗೆ ಕಣ್ಣು ಕಾಣದು, ಹಾಗಾಗಿ ಪಂಜು ಹೊತ್ತಿಸಿದ್ದಾರೆ. ಪಂಜಿನ ಬೆಳಕು 20 ಅಡಿ ಪ್ರಖರ, ಆಮೇಲಿನ 20 ಅಡಿ ಮಬ್ಬು. ಎಲ್ಫ್‌ಗೂ ಡ್ವಾರ್ಫ್‌ಗೂ ಕತ್ತಲಲ್ಲಿ 60 ಅಡಿ ಕಾಣುತ್ತದೆ. ಬಿಲ್ಲು ಹಿಡಿದ ಎಂಟು ಗಾಬ್ಲಿನ್‌ಗಳನ್ನು ಕಣಿವೆಯ ಇಕ್ಕೆಲಗಳಲ್ಲಿ, ದಾರಿಯಿಂದ ಸರಿಯಾಗಿ 70 ಅಡಿ ದೂರದಲ್ಲಿ ನಿಲ್ಲಿಸಿ.

ಈಗ ಏನಾಯಿತು ನೋಡಿ. 70 ಅಡಿ ಬಿಲ್ಲಿನ 80 ಅಡಿಯೊಳಗೆ ಬಂತು. ಪಾರ್ಟಿ ಪಂಜಿನ ಬೆಳಕಲ್ಲಿ ನಿಂತಿರುವುದರಿಂದ ಗಾಬ್ಲಿನ್‌ಗೆ ಅವರು ಮಾಮೂಲಿ ಕಣ್ಣಿಗೇ ಕಾಣುತ್ತಾರೆ. ಪಾರ್ಟಿಯ ಕಡೆಯಿಂದ ಮಾತ್ರ ಪಂಜೂ ಅಲ್ಲಿಗೆ ಮುಟ್ಟದು, ಎಲ್ಫ್‌ನ ಕಣ್ಣೂ ಮುಟ್ಟದು. ಕಾಣದ ಎದುರಾಳಿ ಬಿಡುವ ಬಾಣಕ್ಕೆ ಅಡ್ವಾಂಟೇಜ್, ಕಾಣದ ಕಡೆಗೆ ತಿರುಗಿ ಬಿಡುವ ಬಾಣಕ್ಕೆ ಡಿಸ್‌ಅಡ್ವಾಂಟೇಜ್. ಸ್ಟೆಲ್ತ್ ರೋಲ್ ಗೆದ್ದರೆ ಪಾರ್ಟಿ ಸರ್‌ಪ್ರೈಸ್ ಆಗುತ್ತದೆ (ಮೊದಲ ಟರ್ನ್‌ನಲ್ಲಿ ಏನೂ ಮಾಡಲಾಗದು). ಅದು ಕೈತಪ್ಪಿದರೂ ಕತ್ತಲಿನ ಲಾಭ ಹೋಗುವುದಿಲ್ಲ, ಸುತ್ತು ಸುತ್ತಿಗೂ ಸಿಗುತ್ತಲೇ ಇರುತ್ತದೆ.

ಎಂಟು ಬಾಣವೂ ವಿಝರ್ಡ್ ಮೇಲೆ. ಆಕೆಗೆ ಕಾನ್‌ಸ್ಟಿಟ್ಯೂಶನ್ 14 ಇದ್ದರೆ ಎಚ್‌ಪಿ 32, ಮೇಜ್ ಆರ್ಮರ್ ಮಂತ್ರ ಹಾಕಿಕೊಂಡಿದ್ದರೆ ಎಸಿ 15. ಗಾಬ್ಲಿನ್‌ಗೆ 11 ಬೀಳಬೇಕು, ಅಡ್ವಾಂಟೇಜ್ ಇರುವುದರಿಂದ ತಗುಲುವ ಸಂಭವ ನೂರಕ್ಕೆ 75. ಕ್ರಿಟಿಕಲ್ (20 ಬಿದ್ದಾಗ ಸಿಗುವ ದುಪ್ಪಟ್ಟು ಡೈಸ್) ಸೇರಿಸಿ ಎಂಟು ಬಾಣದ ಸರಾಸರಿ ಪೆಟ್ಟು 35 ದಾಟುತ್ತದೆ. ಮೊದಲ ಸುತ್ತಿಗೇ ವಿಝರ್ಡ್ ನೆಲಕ್ಕೆ. ಸರ್‌ಪ್ರೈಸ್ ಆಗಿರದಿದ್ದರೆ, ಅಥವಾ ತನ್ನ ಟರ್ನ್ ಆಗಲೇ ಕಳೆದಿದ್ದರೆ, ಆಕೆ ಶೀಲ್ಡ್ ಮಂತ್ರ ಹಾಕಬಹುದು. ಎಸಿ 20 ಆಗುತ್ತದೆ, ಸರಾಸರಿ 22ಕ್ಕೆ ಇಳಿಯುತ್ತದೆ. ಆಗಲೂ ಉಳಿಯುವುದು ಹತ್ತು ಎಚ್‌ಪಿ, ಹೋಗುವುದು ಒಂದು ಸ್ಲಾಟ್ (ಮಂತ್ರ ಹಾಕುವ ಅವಕಾಶ). ಆಕೆ ಯಾವುದಾದರೂ ಮಂತ್ರದ ಮೇಲೆ ಕಾನ್‌ಸಂಟ್ರೇಶನ್ ಹಿಡಿದಿದ್ದರೆ ತಗುಲಿದ ಒಂದೊಂದು ಬಾಣಕ್ಕೂ ಬೇರೆ ಬೇರೆ ಸೇವ್ (ಮಂತ್ರ ಕೈಬಿಡದಂತೆ ತಡೆಯಲು ಉರುಳಿಸುವ ಡೈಸ್). ಸೇವ್ +2 ಇರುವವಳು ಅಂಥ ನಾಲ್ಕನ್ನು ಸಾಲಾಗಿ ಗೆಲ್ಲುವ ಸಂಭವ ನೂರಕ್ಕೆ 18.

ಹೊಡೆದಾಟ ಎಷ್ಟು ಕಠಿಣ ಎಂದು ಅಳೆಯುವ ಎನ್‌ಕೌಂಟರ್ ಕೋಷ್ಟಕ ತೆಗೆದು ನೋಡಿದರೆ ನಗು ಬರುತ್ತದೆ. ಎಂಟು ಗಾಬ್ಲಿನ್‌ಗೆ 400 ಎಕ್ಸ್‌ಪಿ (ಅನುಭವದ ಅಂಕ), ಏಳರಿಂದ ಹತ್ತರ ಗುಂಪಿಗೆ ಎರಡೂವರೆ ಪಟ್ಟು, ಒಟ್ಟು 1000. ಐದನೇ ಲೆವೆಲ್‌ನ ನಾಲ್ವರಿಗೆ ‘ಈಸಿ’ಯ ಮಿತಿ ಕರಾರುವಾಕ್ಕಾಗಿ 1000. ಇದೇ ಎಂಟು ಬಾಣ ಎಸಿ 18ರ ಫೈಟರ್ ಮೇಲೆ ಬಿದ್ದಿದ್ದರೆ ಸರಾಸರಿ 28. ಹಗಲಲ್ಲಿ, ಎದುರಾಬದುರಾ ನಿಂತು ಬಿಟ್ಟಿದ್ದರೆ 17. ನಿಂತ ಜಾಗ ಮತ್ತು ಹೊಡೆದ ಗುರಿ, ಈ ಎರಡರಿಂದಲೇ 17 ಇದ್ದದ್ದು ವಿಝರ್ಡ್‌ನ ಪ್ರಾಣಕ್ಕೆ ಬರುತ್ತದೆ.

ವಿಝರ್ಡ್ ಯಾರೆಂದು ಗಾಬ್ಲಿನ್‌ಗೆ ಹೇಗೆ ಗೊತ್ತು ಎಂದು ಆಟಗಾರರು ಕೇಳುತ್ತಾರೆ, ಕೇಳಬೇಕು ಕೂಡ. ಉತ್ತರ ನಿಮ್ಮಲ್ಲಿ ಸಿದ್ಧವಿರಲಿ. ಅಡಿಕೆ ತೋಟಕ್ಕೆ ನುಗ್ಗುವ ಮಂಗಗಳಿಗೆ ಕೋವಿ ಹಿಡಿದು ಬಂದವರು ಯಾರು, ಬರಿಗೈಲಿ ಬಂದವರು ಯಾರು ಎಂದು ತಿಳಿಯುತ್ತದೆಯಲ್ಲ, ಗಾಬ್ಲಿನ್‌ಗೆ ಅಷ್ಟಾದರೂ ತಿಳಿಯಬೇಡವೇ. ಮುಂಚಿನ ದಿನ ಎರಡು ಗಾಬ್ಲಿನ್‌ಗಳು ಪಾರ್ಟಿಯನ್ನು ಗುಡ್ಡದ ಮೇಲಿನಿಂದ ನೋಡಿರಲಿ. ಅವು ಕೂತೆದ್ದ ಗುರುತು, ಕಡಿದುಬಿಟ್ಟ ಮೂಳೆ, ತುಳಿದ ಹುಲ್ಲು ರೇಂಜರ್ ಕಣ್ಣಿಗೆ ಬೀಳುವ ಅವಕಾಶವೂ ಇರಲಿ. ಹಿಂದಿನ ಜಗಳದಲ್ಲಿ ತಪ್ಪಿಸಿಕೊಂಡ ಗಾಬ್ಲಿನ್ ಇದ್ದರಂತೂ ಸುದ್ದಿ ಹೋಗಿಯೇ ಇರುತ್ತದೆ. ಒಂದೂ ತಪ್ಪಿಸಿಕೊಂಡಿಲ್ಲ, ಯಾರೂ ನೋಡಿಲ್ಲ ಎಂದಾದರೆ ಮುಂದಿನ ಗುಂಪಿಗೆ ಏನೂ ಗೊತ್ತಿರಕೂಡದು. ಡಿಎಂ ತಲೆಯಲ್ಲಿರುವುದು ಗಾಬ್ಲಿನ್ ತಲೆಗೆ ತಾನಾಗಿ ಇಳಿಯಿತೆಂದರೆ ಆಟಗಾರರಿಗೆ ಮೋಸ ಹೋದಂತೆ ಅನ್ನಿಸುತ್ತದೆ, ಅನ್ನಿಸುವುದು ನ್ಯಾಯವೇ. ಈ ಕಟ್ಟುಪಾಡಿಗೆ ನೀವು ಬದ್ಧರಾಗಿದ್ದರೆ ಓಡುವ ಗಾಬ್ಲಿನ್‌ನನ್ನು ಬೆನ್ನಟ್ಟುವುದಕ್ಕೆ ಪಾರ್ಟಿಗೆ ನಿಜವಾದ ಕಾರಣ ಸಿಗುತ್ತದೆ.

ಫೈರ್‌ಬಾಲ್ ವಿಷಯ. ತ್ರಿಜ್ಯ 20 ಅಡಿ, ಪೆಟ್ಟು 8ಡಿ6, ಸರಾಸರಿ 28. ಸೇವ್ ಗೆದ್ದರೂ ಅರ್ಧ 14, ಏಳು ಎಚ್‌ಪಿಯ ಜೀವಿಗೆ ಸೇವ್ ಇದ್ದೂ ಇಲ್ಲದ ಹಾಗೆ. ಆದ್ದರಿಂದ ಜೋಡಿ ಜೋಡಿಯಾಗಿ, ಒಂದು ಜೋಡಿಗೂ ಇನ್ನೊಂದಕ್ಕೂ 45 ಅಡಿಗೆ ಕಡಿಮೆಯಿಲ್ಲದಂತೆ ನಿಲ್ಲಿಸಿ. ಆಗ ಒಂದು ಫೈರ್‌ಬಾಲ್‌ಗೆ ಎರಡೇ ಗಾಬ್ಲಿನ್. ಐದನೇ ಲೆವೆಲ್‌ನ ವಿಝರ್ಡ್‌ಗೆ ಮೂರನೇ ಮಟ್ಟದ ಸ್ಲಾಟ್ ಇರುವುದೇ ಎರಡು. ಒಂದೊಂದೇ ನಿಲ್ಲಿಸಿದರೆ ಇನ್ನೂ ಒಳ್ಳೆಯದಲ್ಲವೇ ಎನ್ನಬಹುದು. ಒಂಟಿ ಗಾಬ್ಲಿನ್ ಹೆದರಿ ಮೊದಲೇ ಓಡುತ್ತದೆ, ಮೇಜಿನ ಮೇಲೆ ಎಂಟು ಜಾಗ ನೆನಪಿಡುವುದು ನಿಮಗೂ ತಲೆನೋವು.

ಇಷ್ಟು ಮಾಡಿ ನಡುವಿನ ನೆಲ ಮರೆತರೆ ಎಲ್ಲ ಕೆಡುತ್ತದೆ. ಸಮತಟ್ಟು ನೆಲದಲ್ಲಿ ಫೈಟರ್ ಡ್ಯಾಶ್ ಮಾಡಿದರೆ 60 ಅಡಿ ಹೋಗುತ್ತಾನೆ, ಪಂಜೂ ಅವನ ಜೊತೆ ಹೋಗುತ್ತದೆ, ಕತ್ತಲು ಅಲ್ಲಿಗೆ ಮುಗಿಯಿತು. ದಾರಿಗೂ ಗಾಬ್ಲಿನ್‌ಗಳಿಗೂ ನಡುವೆ ಕಲ್ಲುಗುಂಡಿನ ಹಳ್ಳವೋ ಮುಳ್ಳುಪೊದೆಯೋ ಇರಬೇಕು. ಅದು ಡಿಫಿಕಲ್ಟ್ ಟೆರೈನ್ ಆದರೆ 60 ಅಡಿ 30 ಆಗುತ್ತದೆ. ದಡ ಹತ್ತುವ ಎರಡು ಸುಲಭ ಜಾಗಗಳಲ್ಲಿ ಒಂದೊಂದು ಹಂಟಿಂಗ್ ಟ್ರ್ಯಾಪ್: 13ರ ಡೆಕ್ಸ್ಟೆರಿಟಿ ಸೇವ್ ತಪ್ಪಿದರೆ ಡಿ4 ಪೆಟ್ಟು, ನಿಂತಲ್ಲೇ ಸಿಕ್ಕಿಬೀಳುವುದು, ಬಿಡಿಸಿಕೊಳ್ಳಲು ಒಂದು ಆಕ್ಷನ್ನಿನಲ್ಲಿ 13ರ ಸ್ಟ್ರೆಂಗ್ತ್ ಚೆಕ್. ಪೆಟ್ಟು ನಗಣ್ಯ, ಕಳೆದುಹೋಗುವ ಟರ್ನ್ ದುಬಾರಿ. ಕ್ಯಾಲ್ಟ್ರಾಪ್ ಇನ್ನೂ ಅಗ್ಗ, ಇಪ್ಪತ್ತು ಮುಳ್ಳಿಗೆ ಐದಡಿ ಚೌಕ ಮುಚ್ಚುತ್ತದೆ. ತುಳಿದವನು 15ರ ಸೇವ್ ತಪ್ಪಿದರೆ ಅಲ್ಲೇ ನಿಲ್ಲುತ್ತಾನೆ, ಒಂದು ಎಚ್‌ಪಿಯಾದರೂ ವಾಸಿಯಾಗುವವರೆಗೆ ಅವನ ನಡಿಗೆ ಹತ್ತಡಿ ಕಡಿಮೆ.

ಆಟಗಾರರ ಕೈಯಲ್ಲೂ ಉತ್ತರಗಳಿವೆ, ಇರಲೇಬೇಕು. ಡ್ಯಾನ್ಸಿಂಗ್ ಲೈಟ್ಸ್ 120 ಅಡಿ ಮುಟ್ಟುತ್ತದೆ. ಲೈಟ್ ಮಂತ್ರ ಹಾಕಿದ ಬಾಣವನ್ನು ದಡದ ಕಡೆ ಬಿಡಬಹುದು. ಫಾಗ್ ಕ್ಲೌಡ್ ಹಾಕಿಕೊಂಡರೆ ಗಾಬ್ಲಿನ್‌ಗೂ ಗುರಿ ಕಾಣದು, ಅಡ್ವಾಂಟೇಜ್ ರದ್ದು. ಪಂಜು ಆರಿಸಿದರೂ ಅಷ್ಟೇ, 70 ಅಡಿಯ ಕತ್ತಲು ಗಾಬ್ಲಿನ್‌ಗೂ ಕತ್ತಲೇ. ಫೈಟರ್‌ನ ಕೈ ಹಿಡಿದು ನಡೆಸಬೇಕು ಅಷ್ಟೆ. ಈ ಬಗೆಯ ಯೋಚನೆ ಬಂದ ತಕ್ಷಣ ಅದಕ್ಕೆ ಪೂರಾ ಫಲ ಕೊಡಿ, ಗಾಬ್ಲಿನ್‌ಗಳು ಗಲಿಬಿಲಿಯಾಗಲಿ. ಪಂಜೇ ಇಲ್ಲದೆ ನಡೆಯುವ, ಎಲ್ಲರಿಗೂ ಕತ್ತಲ ಕಣ್ಣಿರುವ ಪಾರ್ಟಿಯಾದರೆ 70 ಅಡಿಯ ಉಪಾಯ ನಡೆಯುವುದೇ ಇಲ್ಲ. ಆಗ ದಾರಿಯ ಮೇಲೆ ಒಣಹುಲ್ಲಿಗೆ ಎಣ್ಣೆ ಸುರಿದಿಟ್ಟು, ಹೊತ್ತಿಸಿ, ಬೆಳಕು ಮಾಡಿಕೊಳ್ಳುವುದು ಗಾಬ್ಲಿನ್‌ನ ಕೆಲಸ.

ಓಡುವುದೂ ಒಂದು ದಾಳಿ

ಗಾಬ್ಲಿನ್ ಸಾಯುವವರೆಗೆ ಹೊಡೆದಾಡಿದರೆ ಅದರ ಅಪಾಯ ಅಲ್ಲಿಗೇ ಮುಗಿಯುತ್ತದೆ. ಆಕ್ಷನ್ನಿನಲ್ಲಿ ಡ್ಯಾಶ್, ಬೋನಸ್ ಆಕ್ಷನ್ನಿನಲ್ಲಿ ಡಿಸ್‌ಎಂಗೇಜ್, ಒಟ್ಟು 60 ಅಡಿ, ಯಾರ ಆಪರ್ಚುನಿಟಿ ಅಟ್ಯಾಕ್‌ಗೂ ಸಿಗದೆ. ಇಷ್ಟು ಚೆನ್ನಾಗಿ ಓಡಬಲ್ಲ ಜೀವಿ ಈ ಆಟದಲ್ಲಿ ಕಡಿಮೆ.

ಯಾವಾಗ ಓಡಬೇಕು ಎಂಬುದನ್ನು ನಿಮ್ಮ ಮನಸ್ಸಿಗೆ ಬಿಡಬೇಡಿ, ಡೈಸ್‌ಗೆ ಬಿಡಿ. 1981ರ ಬೇಸಿಕ್ ಆವೃತ್ತಿಯಲ್ಲಿ ಗಾಬ್ಲಿನ್‌ಗೆ ಮೊರೇಲ್ (ಎದೆಗಾರಿಕೆಯ ಅಂಕ) 7, ಅವುಗಳ ರಾಜ ಜೊತೆಗಿದ್ದರೆ 9 ಎಂದು ಕೊಟ್ಟಿದ್ದರು. ಎರಡು ಡಿ6 ಉರುಳಿಸಿ, ಮೊರೇಲ್‌ಗಿಂತ ಹೆಚ್ಚು ಬಿದ್ದರೆ ಓಟ. 7 ಇದ್ದಾಗ ಓಡುವ ಸಂಭವ ನೂರಕ್ಕೆ ಸುಮಾರು 42, 9 ಆದಾಗ 17. ಈ ನಿಯಮವನ್ನು ಐದನೇ ಆವೃತ್ತಿಗೆ ಎತ್ತಿ ತರಲು ಏನೂ ಕಷ್ಟವಿಲ್ಲ. ಮೊದಲ ಗಾಬ್ಲಿನ್ ಸತ್ತಾಗ ಒಮ್ಮೆ, ಅರ್ಧ ಗುಂಪು ಸತ್ತಾಗ ಒಮ್ಮೆ ಉರುಳಿಸಿ. ಡೈಸನ್ನು ಪರದೆಯ ಈಚೆಗೇ ಹಾಕಿ. ನಾಯಕನನ್ನು ಕೊಂದರೆ ಉಳಿದವು ಚದುರುತ್ತವೆ ಎಂಬುದು ಆಟಗಾರರಿಗೆ ಕಣ್ಣೆದುರೇ ತಿಳಿಯುತ್ತದೆ, ಆಮೇಲೆ ಅವರು ನಾಯಕನನ್ನೇ ಹುಡುಕತೊಡಗುತ್ತಾರೆ.

ನಾಯಕ, ಅಂದರೆ ಗಾಬ್ಲಿನ್ ಬಾಸ್, ಎಸಿ 17, ಎಚ್‌ಪಿ 21. ಅದರ ರಿಡೈರೆಕ್ಟ್ ಅಟ್ಯಾಕ್ ಹೊಲಸು ಬುದ್ಧಿಯ ಕೆಲಸ. ತನ್ನ ಮೇಲೆ ಯಾರಾದರೂ ಗುರಿಯಿಟ್ಟರೆ ರಿಯಾಕ್ಷನ್ನಿನಲ್ಲಿ ಐದಡಿಯೊಳಗಿರುವ ಇನ್ನೊಂದು ಗಾಬ್ಲಿನ್ ಜೊತೆ ಜಾಗ ಬದಲಿಸಿಕೊಂಡು ಪೆಟ್ಟನ್ನು ಅದಕ್ಕೆ ಕೊಡಿಸುತ್ತದೆ. ರಿಯಾಕ್ಷನ್ ಸುತ್ತಿಗೆ ಒಂದೇ, ಆದ್ದರಿಂದ ಎರಡನೇ ಪೆಟ್ಟು ಬಾಸ್‌ಗೇ. ಪಕ್ಕದಲ್ಲಿ ಯಾವಾಗಲೂ ಎರಡು ಗಾಬ್ಲಿನ್ ಇರಲಿ, ಮೊದಲ ಪೆಟ್ಟು ತಪ್ಪಿದ ಮರುಟರ್ನ್‌ಗೇ ಬಾಸ್ ಅಲ್ಲಿಂದ ಕಾಲ್ಕೀಳಲಿ. ಪಕ್ಕಕ್ಕೆ ನಿಲ್ಲಲು ಆ ಎರಡು ಗಾಬ್ಲಿನ್‌ಗಳು ಹಿಂದೆ ಮುಂದೆ ನೋಡುವುದನ್ನು ಅಭಿನಯಿಸಿ ತೋರಿಸಿದರೆ ಬೆದರಿಸಿ ಒಡೆಯುವ ದಾರಿಯೊಂದು ಆಟಗಾರರಿಗೆ ಹೊಳೆಯುತ್ತದೆ.

ರಾತ್ರಿ ಬಿಡಾರದ ಮೇಲಿನ ದಾಳಿಯಲ್ಲಿ ಡಿಎಂಗಳು ಒಂದು ನಿಯಮ ತಪ್ಪಾಗಿ ಹಿಡಿಯುತ್ತಾರೆ. ಎರಡು ಬಾಣ ಬಿಟ್ಟ ಮಾತ್ರಕ್ಕೆ ಲಾಂಗ್ ರೆಸ್ಟ್ (ಎಚ್‌ಪಿ, ಸ್ಲಾಟ್ ಮರಳಿ ಬರುವ ಎಂಟು ಗಂಟೆಯ ವಿಶ್ರಾಂತಿ) ಮುರಿಯುವುದಿಲ್ಲ. ಅದನ್ನು ಮುರಿಯಲು ಕನಿಷ್ಠ ಒಂದು ಗಂಟೆಯ ನಡಿಗೆಯಂಥ ಶ್ರಮ ಬೇಕು. ಹಾಗಾಗಿ ಬಿಡಾರವನ್ನು ಗೆಲ್ಲುವ ಆಸೆ ಗಾಬ್ಲಿನ್‌ಗೆ ಬೇಡ, ಪಾರ್ಟಿ ತಾನಾಗಿ ಬಿಡಾರ ಕಿತ್ತು ಒಂದು ಗಂಟೆ ನಡೆದರೆ ಸಾಕು. ಗಾಳಿ ಬೀಸುವ ಕಡೆಯಿಂದ ಹುಲ್ಲಿಗೆ ಬೆಂಕಿ, ಮೇಲಿನ ಇಳಿಜಾರಿನಿಂದ ಉರುಳಿಸಿದ ದಿಮ್ಮಿ, ಮೂರು ದಿಕ್ಕಿನಿಂದ ಕೊಂಬಿನ ಕೂಗು. ಸಾಗಿದ ಮೇಲೆ ಮುಂದಿನ ಬಿಡಾರದಲ್ಲಿ ಮತ್ತೆ ಎಂಟು ಗಂಟೆ ಮೊದಲಿನಿಂದ. ಎರಡನೇ ದಿನ ಸ್ಲಾಟ್ ಇಲ್ಲದ ವಿಝರ್ಡ್‌ನ ಎದುರು ಅದೇ ಎಂಟು ಗಾಬ್ಲಿನ್‌ಗಳು ಬೇರೆಯೇ ತೂಕದವಾಗಿ ಕಾಣುತ್ತವೆ.

ಐದನೇ ಲೆವೆಲ್‌ಗೆ ಟೈನಿ ಹಟ್ ಎಂಬ ಗುಮ್ಮಟದ ಮಂತ್ರ ಬಂದುಬಿಟ್ಟಿರುತ್ತದೆ, ಅದರೊಳಗೆ ಬಾಣವೂ ಹೋಗದು, ಬೆಂಕಿಯೂ ಹೋಗದು. ಬಹಳ ಡಿಎಂಗಳು ಇಲ್ಲಿ ಕೈಚೆಲ್ಲುತ್ತಾರೆ. ಮಂತ್ರದ ವಿವರಣೆ ಪೂರ್ತಿ ಓದಿ: ಒಳಗೆ ಮೀಡಿಯಂ ಗಾತ್ರಕ್ಕಿಂತ ದೊಡ್ಡ ಜೀವಿ ಇದ್ದರೆ ಮಂತ್ರವೇ ಫಲಿಸುವುದಿಲ್ಲ. ಹೇಸರಗತ್ತೆ ಮೀಡಿಯಂ, ಒಳಗೆ ಹೋದೀತು. ಸವಾರಿಯ ಕುದುರೆ ಲಾರ್ಜ್, ಹೊರಗೇ ನಿಲ್ಲಬೇಕು. ಗಾಬ್ಲಿನ್ ಹಟ್ ತಂಟೆಗೆ ಹೋಗುವುದಿಲ್ಲ, ಕುದುರೆಗಳನ್ನು ಬಿಚ್ಚಿಕೊಂಡು ಹೋಗುತ್ತದೆ. ಹಟ್ ಎಂಟು ಗಂಟೆ ಕದಲದೆ ನಿಂತಿರುತ್ತದೆ ಎಂಬುದು ಅದರ ಬಲವೂ ಹೌದು, ದೌರ್ಬಲ್ಯವೂ ಹೌದು. ಅಷ್ಟು ಹೊತ್ತಿನಲ್ಲಿ ಇಪ್ಪತ್ತು ಗಾಬ್ಲಿನ್‌ಗಳು ಸುತ್ತ ಏನೆಲ್ಲ ತೋಡಬಹುದು, ಏನೆಲ್ಲ ಒಟ್ಟಬಹುದು. ಹಟ್ ಒಳಗಿನಿಂದ ಬಾಣ ಬಿಡಲು ಪಾರ್ಟಿಗೆ ಸಾಧ್ಯ, ಆದ್ದರಿಂದ ಈ ಕೆಲಸವೆಲ್ಲ ಕತ್ತಲಲ್ಲಿ, ಒಡ್ಡಿನ ಮರೆಯಲ್ಲಿ ನಡೆಯಬೇಕು.

ಬಿಲ

ಇಲ್ಲಿ ಕೋಬೋಲ್ಡ್‌ಗಳಿಗೆ ನಮಸ್ಕಾರ ಹೇಳದೆ ಮುಂದೆ ಹೋಗುವಂತಿಲ್ಲ. 1987ರ ನವೆಂಬರ್‌ನ ‘ಡ್ರ್ಯಾಗನ್’ ಪತ್ರಿಕೆಯ 127ನೇ ಸಂಚಿಕೆಯ ಸಂಪಾದಕೀಯದಲ್ಲಿ ರಾಜರ್ ಇ. ಮೂರ್ ಬರೆದ ‘ಟಕರ್ಸ್ ಕೋಬೋಲ್ಡ್ಸ್’ ಈ ವಿದ್ಯೆಯ ಮೂಲಪಾಠ. ಕೋಬೋಲ್ಡ್ ಗಾಬ್ಲಿನ್‌ಗಿಂತಲೂ ದುರ್ಬಲ ಜೀವಿ, ಆದರೂ ಅಲ್ಲಿ ಬಿಲದ ತಂತ್ರಗಳಿಂದಲೇ ಬಲಿತ ಪಾರ್ಟಿಯನ್ನು ಹೆದರಿಸುತ್ತದೆ.

ಬಿಲ ಬರೆಯುವಾಗ ಸುರಂಗದ ಎತ್ತರ ಮೂರಡಿ ಎಂದು ಇಟ್ಟುಕೊಳ್ಳಿ. ನಿಯಮದಲ್ಲೊಂದು ಗೊಂದಲವಿದೆ: ಸ್ಮಾಲ್ ಜೀವಿಗೂ ಮೀಡಿಯಂ ಜೀವಿಗೂ ಐದಡಿ ಚೌಕವೇ, ಹಾಗಾಗಿ ಸಣ್ಣ ಸುರಂಗದಲ್ಲಿ ಮನುಷ್ಯ ನುಸುಳಬೇಕೋ ಬೇಡವೋ ಸ್ಪಷ್ಟವಿಲ್ಲ. ನನ್ನ ತೀರ್ಪು ಸರಳ. ಮೂರಡಿ ಸುರಂಗದಲ್ಲಿ ಸ್ಮಾಲ್ ಗಾತ್ರದವರು ಸಲೀಸಾಗಿ ಓಡಾಡುತ್ತಾರೆ, ಮೀಡಿಯಂ ಗಾತ್ರದವರಿಗೆ ಸ್ಕ್ವೀಝಿಂಗ್ ನಿಯಮ: ನಡಿಗೆ ಅರ್ಧ, ಹೊಡೆತಕ್ಕೂ ಡೆಕ್ಸ್ಟೆರಿಟಿ ಸೇವ್‌ಗೂ ಡಿಸ್‌ಅಡ್ವಾಂಟೇಜ್, ಅವರನ್ನು ಹೊಡೆಯುವವರಿಗೆ ಅಡ್ವಾಂಟೇಜ್. ಇದನ್ನು ಆಟಗಾರರು ಬಿಲಕ್ಕೆ ತಲೆ ಹಾಕುವ ಮುಂಚೆಯೇ ಹೇಳಿಬಿಡಿ, ಒಳಗೆ ಹೋದ ಮೇಲೆ ಹೇಳಿದರೆ ಜಗಳವಾಗುತ್ತದೆ. ಪಾರ್ಟಿಯಲ್ಲಿ ಹಾಫ್ಲಿಂಗ್ ಅಥವಾ ನೋಮ್ ಇದ್ದರೆ ಅವರ ದಿನ ಬಂತು.

ಹೊಂಡದ ಆಳಕ್ಕೆ ಆಸೆಪಡಬೇಡಿ. ಹತ್ತಡಿ ಬಿದ್ದರೆ ಒಂದು ಡಿ6, ಐದನೇ ಲೆವೆಲ್‌ಗೆ ಅದು ಸೊಳ್ಳೆ ಕಡಿತ. ಹೊಂಡ ಇರುವುದು ಪಾರ್ಟಿಯನ್ನು ಎರಡು ತುಂಡು ಮಾಡುವುದಕ್ಕೆ. ಸುರಂಗದ ತಿರುವು ದಾಟಿ ಹತ್ತಡಿ ಆದಮೇಲೆ, ಇಬ್ಬರು ಆ ಕಡೆ ಇಬ್ಬರು ಈ ಕಡೆ ಆಗುವ ಜಾಗದಲ್ಲಿ ಅದಿರಲಿ. ಗಾಬ್ಲಿನ್ ತೂಕ ಇಪ್ಪತ್ತು ಕಿಲೋ ಆಸುಪಾಸು, ಕವಚ ತೊಟ್ಟ ಮನುಷ್ಯ ನೂರರ ಹತ್ತಿರ. ಮಧ್ಯೆ ಎಲ್ಲೋ ಒಂದು ತೂಕಕ್ಕೆ ಮುರಿಯುವ ತಟ್ಟಿ ಹೆಣೆದು ಮಣ್ಣು ಮುಚ್ಚಿದರೆ ಗಾಬ್ಲಿನ್‌ಗಳು ಅದರ ಮೇಲೆಯೇ ಓಡಿ ಹೋಗಿ ಆಸೆ ಹುಟ್ಟಿಸುತ್ತವೆ. ಪಕ್ಕದ ಗೋಡೆಯಲ್ಲಿ ಒಂದು ಗೇಣಿನ ಬಾಣಕಿಂಡಿ: ಮುಕ್ಕಾಲು ಆಸರೆ, +5, ಗುರಾಣಿ ಬಿಟ್ಟ ಗಾಬ್ಲಿನ್‌ನ ಎಸಿಯೂ 18.

ಹೊಗೆ ಹಾಕುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ, ಕೆಡುವುದೂ ಅಷ್ಟೇ ಬೇಗ. ದಟ್ಟ ಹೊಗೆಯಲ್ಲಿ ಕತ್ತಲ ಕಣ್ಣೂ ಕೆಲಸ ಮಾಡದು, ಗಾಬ್ಲಿನ್‌ಗಳೂ ಕುರುಡು. ಹೊಗೆ ಮೇಲಕ್ಕೆ ಹೋಗುತ್ತದೆ ಎಂಬುದನ್ನು ನೆನಪಿಟ್ಟು ಅವುಗಳ ವಾಸದ ಕೋಣೆಯನ್ನು ಪ್ರವೇಶದ ಸುರಂಗಕ್ಕಿಂತ ತಗ್ಗಿನಲ್ಲಿ ಇಡಬೇಕು. ಇಟ್ಟರೆ ಮಳೆಗಾಲದಲ್ಲಿ ನೀರು ತುಂಬುತ್ತದೆ, ಅದಕ್ಕೊಂದು ಕಾಲುವೆ ಬೇಕು. ಆ ಕಾಲುವೆ ಹೊರಗೆ ಬಾಯಿ ಬಿಡುವ ಜಾಗವೇ ಜಾಣ ಆಟಗಾರರಿಗೆ ಹಿಂಬಾಗಿಲು. ಬಿಲಕ್ಕೆ ಕನಿಷ್ಠ ಮೂರು ಬಾಯಿ ಇರಲಿ, ಒಂದನ್ನಾದರೂ ಹೊರಗಿನಿಂದ ಹುಡುಕಿ ಪತ್ತೆ ಮಾಡುವಂತಿರಲಿ.

ಯಾತಕ್ಕೆ ಬಂದಿವೆ ಎಂಬುದನ್ನು ಹೊಟ್ಟೆಯಿಂದ ಶುರು ಮಾಡಿ. ನಲವತ್ತು ಗಾಬ್ಲಿನ್‌ಗಳ ಬಿಲ, ಒಂದೊಂದಕ್ಕೂ ದಿನಕ್ಕೆ ಕಾಲು ಕಿಲೋ ಧಾನ್ಯ ಅಂದುಕೊಂಡರೂ ದಿನಕ್ಕೆ ಹತ್ತು ಕಿಲೋ, ತಿಂಗಳಿಗೆ ಮೂರು ಕ್ವಿಂಟಾಲ್. ಐವತ್ತು ಕಿಲೋದ ಆರು ಮೂಟೆ. ಇದರಿಂದ ಎಷ್ಟು ದಿನಕ್ಕೊಮ್ಮೆ, ಎಷ್ಟು ಜನ, ಎಲ್ಲಿಗೆ ಬರುತ್ತಾರೆ ಎಂಬುದು ತಾನಾಗಿ ಹೊರಡುತ್ತದೆ. ಮೊದಲು ಹೊಲದ ಅಂಚಿನ ಕೋಳಿ, ಮೇಕೆ. ಆಮೇಲೆ ಕಣಜ. ಆಮೇಲೆ ಬಿತ್ತನೆ ಬೀಜ. ಅದು ಹೋದ ದಿನ ಊರಿಗೆ ಮುಂದಿನ ವರ್ಷವೇ ಇಲ್ಲ ಎಂಬುದು ಊರ ಹಿರಿಯರ ಬಾಯಲ್ಲಿ ಬರಲಿ. ಆಮೇಲೆ ಬಾವಿಯ ಹಗ್ಗ ಕತ್ತರಿಸುವುದು, ಪೇಟೆಯ ದಾರಿಯ ಕಾಲುಸಂಕ ಕೀಳುವುದು. ಪಾರ್ಟಿ ಬೇರೆ ಕೆಲಸಕ್ಕೆ ಹೋದ ವಾರವೂ ಈ ಪಟ್ಟಿ ಒಂದು ಹೆಜ್ಜೆ ಮುಂದೆ ಹೋಗುತ್ತಿರಬೇಕು. ಹೊಡೆದಾಟದಲ್ಲಿ ಗೆದ್ದ ಪಾರ್ಟಿ ಊರಿಗೆ ಬಂದಾಗ ಕಣಜ ಖಾಲಿಯಿದ್ದರೆ ಯಾರು ಗೆದ್ದರು ಎಂದು ಹೇಳುವುದು ಕಷ್ಟ. ಹಸಿವೇ ಕಾರಣವಾದ್ದರಿಂದ ಮಾತುಕತೆಗೂ ಜಾಗವಿದೆ. ಸೆರೆಸಿಕ್ಕ ಗಾಬ್ಲಿನ್ ‘ನಮ್ಮನ್ನು ಹಾಬ್‌ಗಾಬ್ಲಿನ್‌ಗಳು ಮೇಲಿನ ಕಣಿವೆಯಿಂದ ಓಡಿಸಿದವು’ ಅಂದರೆ ಅಭಿಯಾನದ ದಿಕ್ಕೇ ಬದಲಾಗಬಹುದು.

ಮೇಜಿನ ಮೇಲೆ ಇದನ್ನೆಲ್ಲ ನಡೆಸುವಾಗ ಮೊದಲು ಕೈಕೊಡುವುದು ವೇಗ. ಎಂಟು ಗಾಬ್ಲಿನ್, ಅಡ್ವಾಂಟೇಜ್, ಹದಿನಾರು ಡಿ20. ಆಟಗಾರರು ಚಹಾ ಕುಡಿದು ಬರುತ್ತಾರೆ. ಇನಿಶಿಯೇಟಿವ್ (ಸರದಿಯ ಕ್ರಮ) ಎರಡೇ ಗುಂಪಾಗಿ ಮಾಡಿ, ಪೆಟ್ಟಿಗೆ ಸರಾಸರಿ 5 ಬಳಸಿ. ಹನ್ನೆರಡು ದಾಟಿದರೆ ಡಿಎಂ ಪುಸ್ತಕದ ಮಾಬ್ (ಗುಂಪು ದಾಳಿಯ) ಕೋಷ್ಟಕ: ತಗುಲಲು 6ರಿಂದ 12 ಬೀಳಬೇಕಿದ್ದರೆ ಎರಡು ಗಾಬ್ಲಿನ್‌ಗೆ ಒಂದು ಪೆಟ್ಟು, 13–14 ಆದರೆ ಮೂರಕ್ಕೆ ಒಂದು, 15–16 ಆದರೆ ನಾಲ್ಕಕ್ಕೆ ಒಂದು. ಅಡ್ವಾಂಟೇಜ್ ಇದ್ದರೆ ಬೀಳಬೇಕಾದ ಅಂಕಿಯಿಂದ ಐದು ಕಳೆಯುವುದು ನನ್ನ ರೂಢಿ. ಕ್ರಿಟಿಕಲ್ ಇರುವುದಿಲ್ಲ, ಒಟ್ಟು ಪೆಟ್ಟು ಸ್ವಲ್ಪ ಕಡಿಮೆಯಾಗುತ್ತದೆ, ಉಳಿದ ಸಮಯಕ್ಕೆ ಆ ಬೆಲೆ ತೆರಬಹುದು.

ಎರಡನೆಯದು ಬೇಸರ. ಪ್ರತಿ ಸಲವೂ ಹೊಡೆದು ಓಡಿಹೋಗುವ ಶತ್ರು ಮೂರನೇ ಸಲಕ್ಕೆ ಕಿರಿಕಿರಿ ಅನ್ನಿಸುತ್ತದೆ. ಎರಡು ಸಲ ಓಡಿದ ಮೇಲೆ ಒಮ್ಮೆ ಓಡಲಾಗದ ಸನ್ನಿವೇಶ ಬರಲಿ: ಮೂಟೆ ಹೊತ್ತಿರುವ ಗಾಬ್ಲಿನ್‌ಗಳು, ತುಂಬಿ ಹರಿಯುವ ಹೊಳೆಯ ದಡ. ಓಡಿಸಿದ್ದಕ್ಕೂ ಪೂರ್ತಿ ಎಕ್ಸ್‌ಪಿ ಕೊಡಿ. ಕೊಲ್ಲದಿದ್ದರೆ ಎಕ್ಸ್‌ಪಿ ಇಲ್ಲ ಎಂದರೆ ಆಟಗಾರರು ಕತ್ತಲಲ್ಲಿ ಬೆನ್ನಟ್ಟಿ ಹೋಗಿ ಸಾಯುತ್ತಾರೆ.

ಮೊದಲ ಎರಡು ಲೆವೆಲ್‌ನಲ್ಲಿ ಇದ್ಯಾವುದನ್ನೂ ಪೂರ್ತಿ ಬಳಸಬೇಡಿ. ಮೊದಲ ಲೆವೆಲ್‌ನ ನಾಲ್ವರಿಗೆ ನಾಲ್ಕು ಗಾಬ್ಲಿನ್‌ಗಳೇ 200 ಎಕ್ಸ್‌ಪಿಯ ಎರಡು ಪಟ್ಟು, 400, ಕೋಷ್ಟಕದಲ್ಲಿ ‘ಡೆಡ್ಲಿ’. ಅದಕ್ಕೆ ಕತ್ತಲು, ಹೊಂಡ, ಬಾಣಕಿಂಡಿ ಸೇರಿಸಿದರೆ ಆ ಸಂಜೆಯೇ ಹೊಸ ಕ್ಯಾರೆಕ್ಟರ್ ಶೀಟ್ ತುಂಬಬೇಕಾಗುತ್ತದೆ. ಮೂರರಿಂದ ಏಳನೇ ಲೆವೆಲ್‌ವರೆಗೆ ಇದರ ಹದ. ಒಂಬತ್ತು ದಾಟಿ ಫೈಟರ್‌ನ ಎಸಿ 22 ಆದಾಗ ಗಾಬ್ಲಿನ್‌ಗೆ 18 ಬೀಳಬೇಕು, ನೂರಕ್ಕೆ 15. ಅಡ್ವಾಂಟೇಜ್ ಇದ್ದರೂ 28ರ ಒಳಗೆ. ಅಲ್ಲಿಂದ ಮುಂದೆ ಅವುಗಳ ಕೈಗೆ ಬಿಲ್ಲು ಕೊಡುವುದಕ್ಕಿಂತ ಕೊಂಬು ಕೊಡುವುದು ಲಾಭ: ಪಾರ್ಟಿ ಎಲ್ಲಿದೆ ಎಂದು ಹಾಬ್‌ಗಾಬ್ಲಿನ್ ಪಡೆಗೆ ತಿಳಿಸಿ, ಅರವತ್ತು ಅಡಿ ಓಡಿ, ಪೊದೆಯಲ್ಲಿ ಅಡಗುವುದಷ್ಟೇ ಅವುಗಳ ಕೆಲಸ.